ಹಿಮದಂಚಿನ ತೈಲಬಾವಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾರ್ವೆಯ ಉತ್ತರ ತುದಿಯಾಚೆಗಿನ ಬ್ಯಾರೆಂಟ್ಸ್ ಸಮುದ್ರದಲ್ಲಿ, ಹ್ಯಾಮರ್‌ಫೆಸ್ಟ್ ಪಟ್ಟಣದಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ, ಜೋಹಾನ್ ಕಾಸ್ಟ್‌ಬರ್ಗ್ ಎಂಬ ತೈಲಕ್ಷೇತ್ರವು 2025ರ ಮಾರ್ಚ್ 31ರಂದು ಉತ್ಪಾದನೆ ಆರಂಭಿಸಿದ ಸುದ್ದಿಯನ್ನು ಈ ಅಂಕಣದಲ್ಲಿ ನಾಲ್ಕು ಸಾಲುಗಳಲ್ಲಿ ಪ್ರಸ್ತಾಪಿಸಿದ್ದೆವು. ಅದಕ್ಕೂ ಮುಂಚೆ ನಾರ್ವೆಗೆ ಸೇರಿದ ಆ ಕಡಲಿನಲ್ಲಿ ಉತ್ಪಾದನೆಯಲ್ಲಿದ್ದದ್ದು ಎರಡೇ ಕ್ಷೇತ್ರಗಳು: 2007ರಲ್ಲಿ ಆರಂಭವಾದ ಸ್ನೋವಿಟ್ ಅನಿಲ ಕ್ಷೇತ್ರ ಮತ್ತು 2016ರಲ್ಲಿ ಆರಂಭವಾದ ಗೋಲಿಯಾತ್ ತೈಲ ಕ್ಷೇತ್ರ. ಆರ್ಕ್ಟಿಕ್ ಕಡಲಿನಲ್ಲಿ ತೈಲ ತೆಗೆಯುವುದರ ಅಪಾಯಗಳೇನು, ಅವನ್ನು ಯಾರು ಹೇಗೆ ನಿಭಾಯಿಸುತ್ತಿದ್ದಾರೆ ಎಂದು ಕೇಳಿ ಹಲವು ಓದುಗರು ಬರೆದಿದ್ದಾರೆ. ಅವುಗಳಲ್ಲಿ ಏಳು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ವರ್ಷದ ಬಹುಕಾಲ ಚಳಿ ಮತ್ತು ಕತ್ತಲೆಯಲ್ಲಿರುವ ಕಡಲಿನಲ್ಲಿ ಜೀವಿಗಳು ಕಡಿಮೆಯೇ ಇರಬೇಕು. ಹಾಗಾದರೆ ಅಲ್ಲಿ ತೈಲ ಸೋರಿದರೂ ಉಷ್ಣವಲಯದ ಕಡಲಿಗಿಂತ ಹಾನಿ ಕಡಿಮೆಯಲ್ಲವೇ? (ವಿದ್ಯಾರ್ಥಿನಿ, ಧಾರವಾಡ)

ಜಾತಿಗಳು ಕಡಿಮೆ ಎಂಬುದು ನಿಜ. ಜೀವಿಗಳು ಕಡಿಮೆ ಎಂಬುದು ನಿಜವಲ್ಲ. ಆ ಕಡಲಿನ ಬದುಕೆಲ್ಲವೂ ವರ್ಷದ ಕೆಲವೇ ವಾರಗಳಲ್ಲಿ, ಕೆಲವೇ ಜಾಗಗಳಲ್ಲಿ ಒತ್ತೊತ್ತಾಗಿ ನಡೆಯುತ್ತದೆ. ಅಪಾಯದ ಮೂಲ ಇರುವುದು ಈ ಒತ್ತಣೆಯಲ್ಲಿ.

ವಸಂತದಲ್ಲಿ ಸೂರ್ಯ ಮರಳಿದಾಗ ತೇಲುವ ಮಂಜುಗಡ್ಡೆಯ ಅಡಿಭಾಗದಲ್ಲಿ ಪಾಚಿ ಬೆಳೆಯುತ್ತದೆ. ಮಂಜು ಕರಗಿದಂತೆ ಅದರ ಅಂಚಿನುದ್ದಕ್ಕೂ ಸಸ್ಯಪ್ಲವಕಗಳು ಹುಲುಸಾಗಿ ಹಬ್ಬುತ್ತವೆ, ಅಂಚು ಉತ್ತರಕ್ಕೆ ಸರಿದಂತೆ ಈ ಹಸಿರು ಪಟ್ಟಿಯೂ ಅದರ ಹಿಂದೆಯೇ ಸರಿಯುತ್ತದೆ. ಅಕ್ಕಿಕಾಳಿಗಿಂತ ಚಿಕ್ಕದಾದ ಕ್ಯಾಲನಸ್ ಎಂಬ ಕೋಪೆಪಾಡ್ (ಸಿಗಡಿಯ ಬಳಗದ ಪುಟ್ಟ ಜೀವಿ) ಈ ಕೆಲವು ವಾರಗಳಲ್ಲಿ ತಿಂದದ್ದನ್ನೆಲ್ಲ ಕೊಬ್ಬಾಗಿ ಕೂಡಿಟ್ಟುಕೊಂಡು, ಚಳಿಗಾಲ ಕಳೆಯಲು ಆಳಕ್ಕೆ ಇಳಿಯುತ್ತದೆ. ಅದರ ಒಣತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ ಆಗಿರಬಲ್ಲದು. ಧ್ರುವ ಕಾಡ್ ಮೀನು, ಕಡಲ ಹಕ್ಕಿಗಳು, ಬೋಹೆಡ್ ತಿಮಿಂಗಿಲಗಳು ಬದುಕುವುದು ಈ ಕೊಬ್ಬಿನ ಮೇಲೆ. ಕಚ್ಚಾತೈಲದಲ್ಲಿರುವ ಅತ್ಯಂತ ವಿಷಕಾರಿ ಸಂಯುಕ್ತಗಳು ಸುಲಭವಾಗಿ ಸೇರಿಕೊಳ್ಳುವುದೂ ಕೊಬ್ಬಿನಲ್ಲೇ.

ಧ್ರುವ ಕಾಡ್ ಚಳಿಗಾಲದಲ್ಲಿ ಇಡುವ ಮೊಟ್ಟೆಗಳು ಮೇಲಕ್ಕೆ ತೇಲಿ ಬಂದು ಮಂಜುಗಡ್ಡೆಯ ಅಡಿಯಲ್ಲಿ ನಿಲ್ಲುತ್ತವೆ. ಕಡಲಾಳದ ಬಾವಿಯಿಂದ ಸೋರಿದ ತೈಲವೂ ನೀರಿಗಿಂತ ಹಗುರವಾದ್ದರಿಂದ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅತ್ಯಲ್ಪ ಪ್ರಮಾಣದ ತೈಲಾಂಶವೂ ಈ ಭ್ರೂಣಗಳ ಬೆಳವಣಿಗೆಯನ್ನು ಕೆಡಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಹ್ಯಾಡಕ್ ಮೀನಿನ ಮೊಟ್ಟೆಗಂತೂ ತೈಲದ ಹನಿಗಳು ಅಂಟಿಕೊಂಡೇ ಇರುವುದರಿಂದ ಮರಿಗಳ ಹೃದಯವೇ ವಿಕಾರಗೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬ್ಯಾರೆಂಟ್ಸ್ ಸಮುದ್ರದ ಬ್ಯೋರ್ನ್‌ಓಯಾ ದ್ವೀಪದ ಕಡಿದಾದ ಬಂಡೆಗಳಲ್ಲಿ ಗಿಲ್ಲೆಮಾಟ್ ಹಕ್ಕಿಗಳು ಭಾರೀ ಸಂಖ್ಯೆಯಲ್ಲಿ ಗೂಡು ಮಾಡುತ್ತವೆ. ವರ್ಷಕ್ಕೆ ಒಂದು ಮೊಟ್ಟೆ. ಮರಿಯು ಹಾರಲು ಬರುವ ಮೊದಲೇ ಬಂಡೆಯಿಂದ ಕಡಲಿಗೆ ಜಿಗಿಯುತ್ತದೆ, ಕೆಳಗೆ ಕಾದಿರುವ ತಂದೆಹಕ್ಕಿ ಅದನ್ನು ಜೊತೆಗೆ ಕರೆದುಕೊಂಡು ವಾರಗಟ್ಟಲೆ ಈಜುತ್ತಾ ಸಾಗುತ್ತದೆ. ಅದೇ ಹೊತ್ತಿಗೆ ತಂದೆಹಕ್ಕಿಯ ರೆಕ್ಕೆಗರಿಗಳು ಉದುರುವುದರಿಂದ ಅದಕ್ಕೂ ಹಾರಲು ಆಗುವುದಿಲ್ಲ. ಆ ದಿನಗಳಲ್ಲಿ ಅವುಗಳ ದಾರಿಯಲ್ಲಿ ತೈಲದ ಪದರವೊಂದು ತೇಲಿಬಂದರೆ ಮೇಲಕ್ಕೆ ಹಾರಿ ತಪ್ಪಿಸಿಕೊಳ್ಳುವ ಮಾರ್ಗ ಎರಡಕ್ಕೂ ಇಲ್ಲ. ಪುಕ್ಕಕ್ಕೆ ಒಂದಿಷ್ಟು ತೈಲ ತಗುಲಿದರೂ ನೀರು ಒಳಕ್ಕಿಳಿದು, ಚಳಿ ತಡೆಯುವ ಶಕ್ತಿ ಹೋಗಿ, ಹಕ್ಕಿ ಸಾಯುತ್ತದೆ.

ತೈಲ ಸೋರಿದರೆ ಬೂಮ್ (ತೇಲುವ ತಡೆಬೇಲಿ) ಹಾಕಿ ಸುತ್ತುವರಿಯುವುದು, ಸ್ಕಿಮ್ಮರ್‌ನಿಂದ ಎತ್ತುವುದು, ರಾಸಾಯನಿಕ ಸಿಂಪಡಿಸುವುದು ಎಲ್ಲ ಬಂದರುಗಳಲ್ಲೂ ಇರುವ ವ್ಯವಸ್ಥೆ. ಶ್ರೀಮಂತ ದೇಶಗಳಿಗೆ ಇದನ್ನು ಆರ್ಕ್ಟಿಕ್‌ಗೆ ಒಯ್ಯುವುದು ಕಷ್ಟವೇ? (ನಿವೃತ್ತ ಬಂದರು ನೌಕರರು, ಮಂಗಳೂರು)

ತಾವು ಆ ಕೆಲಸವನ್ನು ಹತ್ತಿರದಿಂದ ನೋಡಿದವರು. ಬಂದರಿನ ಅಳಿವೆಯೊಳಗಿನ ಶಾಂತ ನೀರಿನಲ್ಲಿ ಬೂಮ್ ನಿಲ್ಲಿಸುವುದಕ್ಕೂ ಅಲೆಯೆದ್ದ ತೆರೆದ ಕಡಲಿನಲ್ಲಿ ನಿಲ್ಲಿಸುವುದಕ್ಕೂ ಇರುವ ಅಂತರ ತಮಗೆ ಗೊತ್ತೇ ಇರುತ್ತದೆ. ಹಾಗಾಗಿ ಮೊದಲು ಮಂಜು ಇಲ್ಲದ ಜಾಗದ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಿಂದ ಸುಮಾರು 350 ಕಿಲೋಮೀಟರ್ ದೂರದ ವೈಟ್ ರೋಸ್ ಕ್ಷೇತ್ರದಲ್ಲಿ 2018ರ ನವೆಂಬರ್‌ನಲ್ಲಿ ಭಾರೀ ಬಿರುಗಾಳಿಯ ಬಳಿಕ ಉತ್ಪಾದನೆಯನ್ನು ಮತ್ತೆ ಆರಂಭಿಸುವಾಗ ಸಮುದ್ರತಳದ ಕೊಳವೆಯ ಜೋಡಣೆ ಕಳಚಿ ಸುಮಾರು 2.5 ಲಕ್ಷ ಲೀಟರ್ ಕಚ್ಚಾತೈಲ ಕಡಲು ಸೇರಿತು. ಅನುಭವಿ ಸಿಬ್ಬಂದಿ, ಹಡಗುಗಳು, ಉಪಕರಣಗಳು ಎಲ್ಲವೂ ಇದ್ದವು. ಅಲೆಗಳ ಎತ್ತರದಿಂದಾಗಿ ಅದನ್ನು ಮರಳಿ ಎತ್ತಲು ಸಾಧ್ಯವಾಗಲಿಲ್ಲ.

ಇದಕ್ಕೆ ಮಂಜನ್ನು ಸೇರಿಸಿಕೊಳ್ಳಿ. ಕಡಲ ಮೇಲ್ಮೈಯಲ್ಲಿ ಮೂರನೇ ಒಂದು ಭಾಗದಷ್ಟು ಮಂಜುಗಡ್ಡೆಯಿದ್ದರೂ ಸಾಮಾನ್ಯ ಬೂಮ್ ನಿಲ್ಲುವುದಿಲ್ಲ. ಗಡ್ಡೆಗಳು ಅದನ್ನು ಹರಿದು ಹಾಕುತ್ತವೆ. ಸ್ಕಿಮ್ಮರ್‌ನ ಬಾಯಿಗೆ ಮಂಜು ತುಂಬಿಕೊಳ್ಳುತ್ತದೆ. ಚಳಿಗೆ ತೈಲ ಗಟ್ಟಿಯಾಗುವುದರಿಂದ ಪಂಪ್ ಎಳೆಯುವುದಿಲ್ಲ. ಚಳಿಗಾಲದಲ್ಲಿ ಸೋರಿದ ತೈಲ ಮಂಜುಹಾಸಿನ ಅಡಿಯ ಉಬ್ಬುತಗ್ಗುಗಳಲ್ಲಿ ನಿಂತುಕೊಳ್ಳುತ್ತದೆ, ಒಂದೆರಡು ದಿನಗಳಲ್ಲಿ ಅದರ ಕೆಳಗೆ ಹೊಸ ಮಂಜು ಕಟ್ಟಿ ತೈಲವು ಎರಡು ಪದರಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತು ಗಾಳಿ ಹಾಗೂ ಪ್ರವಾಹ ಆ ಹಾಸನ್ನು ಒಯ್ದಲ್ಲೆಲ್ಲ ಅದೂ ಹೋಗುತ್ತದೆ. ವಸಂತದಲ್ಲಿ ಮಂಜಿನೊಳಗಿನ ಉಪ್ಪುನೀರಿನ ಸಣ್ಣ ನಾಳಗಳ ಮೂಲಕ ಮೇಲೇರಿ, ಸೋರಿದ ಜಾಗದಿಂದ ಎಷ್ಟೋ ದೂರದಲ್ಲಿ, ಸೋರಿದ ದಿನದಷ್ಟೇ ತಾಜಾ ತೈಲವಾಗಿ ಹೊರಬರುತ್ತದೆ. ಅದೂ ಹಕ್ಕಿಗಳೂ ಸೀಲ್‌ಗಳೂ ಹಿಮದಂಚಿಗೆ ಬರುವ ಹೊತ್ತಿಗೆ ಸರಿಯಾಗಿ.

ತೈಲವನ್ನು ಅಲ್ಲೇ ಸುಟ್ಟುಹಾಕುವ ವಿಧಾನವೂ ಇದೆ, ಮತ್ತು ನ್ಯಾಯವಾಗಿ ಹೇಳಬೇಕೆಂದರೆ ಮಂಜು ಅದಕ್ಕೆ ಸಹಾಯವನ್ನೂ ಮಾಡಬಲ್ಲದು. ಗಡ್ಡೆಗಳ ನಡುವೆ ತೈಲ ತೆಳುವಾಗಿ ಹರಡದೆ ದಪ್ಪನಾಗಿ ನಿಲ್ಲುವುದರಿಂದ ಬೆಂಕಿ ಹತ್ತುತ್ತದೆ. ನಾರ್ವೆಯ ಸಂಶೋಧಕರು 2009ರಲ್ಲಿ ಬ್ಯಾರೆಂಟ್ಸ್ ಸಮುದ್ರದ ಮಂಜಿನ ನಡುವೆ ತೈಲ ಬಿಟ್ಟು ನಡೆಸಿದ ಪ್ರಯೋಗಗಳಲ್ಲಿ ಬಹುಪಾಲು ತೈಲ ಸುಟ್ಟುಹೋಗಿತ್ತು. ಆದರೆ ಅದು ಸಿದ್ಧತೆ ಮಾಡಿಕೊಂಡು, ಅಳೆದು ಬಿಟ್ಟ ಸ್ವಲ್ಪ ತೈಲ. ದಿನವೆಲ್ಲ ಕತ್ತಲಿರುವ ಡಿಸೆಂಬರಿನಲ್ಲಿ, ಹಡಗಿನ ಮೇಲೆಲ್ಲ ಹಿಮಗಟ್ಟುವ ಗಾಳಿಯಲ್ಲಿ, ತೈಲ ಎಲ್ಲಿದೆಯೆಂದು ಕಂಡುಹಿಡಿಯುವುದೇ ಮೊದಲ ಸಮಸ್ಯೆ. ನೀರಿನೊಂದಿಗೆ ಕದಡಿ ಬುರುಗಾದ ಮೇಲೆ ಅದು ಸುಡುವುದೂ ಇಲ್ಲ.

ಬಾವಿ ಹಿಡಿತ ತಪ್ಪಿದರೆ ಏನಾಗಬಹುದೆಂಬುದಕ್ಕೆ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತವೇ ಅಳತೆಗೋಲು. 2010ರ ಏಪ್ರಿಲ್ 20ರಂದು 11 ಜನರನ್ನು ಬಲಿ ತೆಗೆದುಕೊಂಡ ಆ ಸ್ಫೋಟದ ಬಳಿಕ ತೈಲದ ಹರಿವು ನಿಂತದ್ದು 87 ದಿನಗಳ ನಂತರ, ಬಾವಿಯ ಬಾಯಿಗೆ ಮುಚ್ಚಳ ಕೂರಿಸಿದಾಗ. ಪಕ್ಕದಿಂದ ಓರೆಯಾಗಿ ಎರಡನೇ ಬಾವಿ ಕೊರೆದು ಮೊದಲನೆಯದನ್ನು ಬುಡದಲ್ಲೇ ಶಾಶ್ವತವಾಗಿ ಮುಚ್ಚಿದ್ದು ಸೆಪ್ಟೆಂಬರಿನಲ್ಲಿ. ಈ ಎರಡನೇ ಬಾವಿಯನ್ನು ರಿಲೀಫ್ ವೆಲ್ ಎನ್ನುತ್ತಾರೆ. ಬೆಚ್ಚಗಿನ ಕಡಲು, ಹತ್ತಿರದಲ್ಲೇ ದೊಡ್ಡ ಬಂದರುಗಳು, ಸಾವಿರಾರು ದೋಣಿಗಳು, ನಲವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದೂ ಅಷ್ಟು ದಿನ ಹಿಡಿಯಿತು. ಅಲಾಸ್ಕದ ಉತ್ತರದ ಚುಕ್ಚಿ ಸಮುದ್ರದಲ್ಲಿ ಕೊರೆಯಲು ಸಿಗುವುದು ಬೇಸಿಗೆಯ ಮೂರು ತಿಂಗಳು ಮಾತ್ರ, ಮತ್ತು ಅಲ್ಲಿಂದ ಅತಿ ಹತ್ತಿರದ ದೊಡ್ಡ ಕರಾವಳಿ ರಕ್ಷಣಾ ನೆಲೆ ಸಾವಿರ ಕಿಲೋಮೀಟರಿಗೂ ಆಚೆ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಬಾವಿ ಚಿಮ್ಮಿದರೆ, ರಿಲೀಫ್ ವೆಲ್ ಮುಗಿಯುವ ಮೊದಲೇ ಮಂಜು ಕವಿಯುತ್ತದೆ, ಮುಂದಿನ ಬೇಸಿಗೆಯವರೆಗೂ ತೈಲ ಮಂಜಿನಡಿ ಹರಿಯುತ್ತಲೇ ಇರುತ್ತದೆ.

ಈ ಲೆಕ್ಕವನ್ನು ಅಮೆರಿಕದ ಅಧಿಕಾರಿಗಳು ಗಂಭೀರವಾಗಿಯೇ ತೆಗೆದುಕೊಂಡರು. 2012ರಲ್ಲಿ ಶೆಲ್ ಕಂಪನಿಗೆ ಚುಕ್ಚಿಯಲ್ಲಿ ಅನುಮತಿ ನೀಡುವಾಗ, ನವೆಂಬರ್ 1ರ ಹೊತ್ತಿಗೆ ಮಂಜು ಬರುತ್ತದೆಂದು ಎಣಿಸಿ, ಅದಕ್ಕೆ 38 ದಿನ ಮುಂಚೆಯೇ ತೈಲವಿರುವ ಪದರಗಳಲ್ಲಿ ಕೊರೆಯುವುದನ್ನು ನಿಲ್ಲಿಸಬೇಕೆಂಬ ಷರತ್ತು ಹಾಕಿದರು. ಆ ವರ್ಷ ಸೋರಿಕೆಯನ್ನು ಹಿಡಿಯಲು ತಯಾರಿಸಿದ್ದ ಉಕ್ಕಿನ ಗುಮ್ಮಟ ದಕ್ಷಿಣದ ಶಾಂತ ನೀರಿನ ಪರೀಕ್ಷೆಯಲ್ಲೇ ನಜ್ಜುಗುಜ್ಜಾಯಿತು. ಹಾಗಾಗಿ ತೈಲದ ಪದರದವರೆಗೆ ಕೊರೆಯಲು ಅವಕಾಶ ಸಿಗಲಿಲ್ಲ. ಡಿಸೆಂಬರ್ 31ರಂದು, ಕುಲ್ಲುಕ್ ಎಂಬ ಕೊರೆಯುವ ರಿಗ್ಗನ್ನು ಎಳೆದೊಯ್ಯುತ್ತಿದ್ದಾಗ ಬಿರುಗಾಳಿಯಲ್ಲಿ ಎಳೆಹಗ್ಗ ತುಂಡಾಗಿ, ಎಳೆಯುವ ಹಡಗಿನ ಎಂಜಿನ್‌ಗಳೂ ಕೈಕೊಟ್ಟು, ರಿಗ್ ಕೊಡಿಯಾಕ್ ಬಳಿಯ ದ್ವೀಪವೊಂದರ ದಡಕ್ಕೆ ಬಡಿಯಿತು. ಅದರ 18 ಸಿಬ್ಬಂದಿಯನ್ನು ಹೆಲಿಕಾಪ್ಟರ್‌ಗಳಲ್ಲಿ ಮೊದಲೇ ಪಾರುಮಾಡಲಾಗಿತ್ತು. ಮೂರು ವರ್ಷಗಳ ಬಳಿಕ ಒಂದು ಬಾವಿಯನ್ನು ಪೂರ್ತಿಯಾಗಿ ಕೊರೆದ ಕಂಪನಿ, ಸಾಕಷ್ಟು ತೈಲ ಸಿಗದೆ, 2015ರ ಸೆಪ್ಟೆಂಬರ್ 28ರಂದು ಅಲ್ಲಿಂದ ಹಿಂದೆ ಸರಿಯುವುದಾಗಿ ಘೋಷಿಸಿತು. ಆ ಹೊತ್ತಿಗೆ ಸುಮಾರು 700 ಕೋಟಿ ಡಾಲರ್ ಖರ್ಚಾಗಿತ್ತು.

ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಉಪಕರಣಗಳನ್ನು ಅಲ್ಲಿಗೆ ಒಯ್ಯಬಹುದು, ಒಯ್ಯಲೂ ಬೇಕು, ಆದರೆ ಆ ಕಡಲಿನಲ್ಲಿ ತೈಲವನ್ನು ಮರಳಿ ಎತ್ತುತ್ತೇವೆ ಎಂಬ ಭರವಸೆಯ ಮೇಲೆ ಅನುಮತಿ ನೀಡಬಾರದು. 1989ರಲ್ಲಿ ಅಲಾಸ್ಕದ ದಕ್ಷಿಣ ತೀರದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸೋರಿದ ಸುಮಾರು 4 ಕೋಟಿ ಲೀಟರ್ ತೈಲದಲ್ಲಿ ಮನುಷ್ಯರು ಎತ್ತಲು ಸಾಧ್ಯವಾದದ್ದು ಚಿಕ್ಕ ಪಾಲು ಮಾತ್ರ. ದಶಕಗಳ ನಂತರವೂ ಕೆಲವು ದಡಗಳಲ್ಲಿ ಕಲ್ಲುಮರಳನ್ನು ಅಗೆದರೆ ತೈಲ ಸಿಗುತ್ತಿತ್ತು. ಅದು ಮಂಜು ಕವಿಯದ ಕಡಲು, ಹಗಲು ಉದ್ದವಾಗುತ್ತಿದ್ದ ಮಾರ್ಚ್ ತಿಂಗಳು. ಎಲ್ಲಿ ಕೊರೆಯಬಾರದು, ಯಾವಾಗ ಕೊರೆಯಬಾರದು ಎಂಬುದನ್ನು ಮೊದಲೇ ನಿರ್ಧರಿಸುವುದೇ ಆರ್ಕ್ಟಿಕ್‌ನಲ್ಲಿ ನಂಬಬಹುದಾದ ರಕ್ಷಣೆ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂದು ನಾವು ಒಪ್ಪಿಕೊಂಡಿದ್ದೇವೆ. ತೈಲ ಕಂಪನಿಗಳಿಗೂ ಇಂಥ ನಿಯಮ ಇದೆಯೇ? (ಮೀನುಗಾರ ಕುಟುಂಬದವರು, ಕಾರವಾರ)

ಇದೆ, ಮತ್ತು ಅದನ್ನು ಎಲ್ಲರಿಗಿಂತ ವಿವರವಾಗಿ ರೂಪಿಸಿರುವುದು ನಾರ್ವೆ. ಅದಕ್ಕೆ ಕಾರಣವೂ ಮೀನೇ. ಲೋಫೋಟೆನ್ ದ್ವೀಪಗಳ ಬಳಿ ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ ಕಾಡ್ ಮೀನುಗಳು ಬ್ಯಾರೆಂಟ್ಸ್ ಸಮುದ್ರದಿಂದ ಬಂದು ಮೊಟ್ಟೆಯಿಡುತ್ತವೆ. ಜಗತ್ತಿನ ಅತಿ ದೊಡ್ಡ ಕಾಡ್ ಸಂಕುಲ ಅದು. ಮೊಟ್ಟೆಗಳೂ ಮರಿಗಳೂ ಕರಾವಳಿಯ ಪ್ರವಾಹದಲ್ಲಿ ಮೇಲ್ನೀರಿನಲ್ಲೇ ತೇಲುತ್ತಾ ತಿಂಗಳುಗಟ್ಟಲೆ ಉತ್ತರಕ್ಕೆ ಸಾಗಿ ಬ್ಯಾರೆಂಟ್ಸ್ ಸಮುದ್ರವನ್ನು ಸೇರುತ್ತವೆ. ಈ ಮೀನನ್ನು ನಾರ್ವೆ ಮತ್ತು ರಷ್ಯಾ 1970ರ ದಶಕದಿಂದಲೂ ಜಂಟಿ ಆಯೋಗದ ಮೂಲಕ ಪಾಲು ಹಂಚಿಕೊಂಡು ಹಿಡಿಯುತ್ತಿವೆ.

ನಾರ್ವೆ 2006ರಲ್ಲಿ ಬ್ಯಾರೆಂಟ್ಸ್ ಸಮುದ್ರ ಮತ್ತು ಲೋಫೋಟೆನ್ ಪ್ರದೇಶಕ್ಕೆ ಒಂದು ಸಮಗ್ರ ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಿತು. ಮೀನುಗಾರಿಕೆ, ಹಡಗು ಸಂಚಾರ, ತೈಲ, ಪರಿಸರ ಇವುಗಳನ್ನು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಡತಗಳಲ್ಲಿ ಇಡದೆ, ಒಂದೇ ಭೂಪಟದ ಮೇಲೆ ಒಟ್ಟಿಗೆ ಇಟ್ಟು ನೋಡಿದ್ದು ಅದರ ದೊಡ್ಡ ಗುಣ. ವಿಶೇಷ ಮೌಲ್ಯವುಳ್ಳ ಮತ್ತು ಸುಲಭವಾಗಿ ಹಾನಿಗೊಳಗಾಗುವ ಪ್ರದೇಶಗಳನ್ನು ಮೊದಲು ಗುರುತಿಸಿ, ನಂತರ ಉದ್ಯಮಕ್ಕೆ ಎಲ್ಲಿ ಜಾಗ ಎಂದು ಕೇಳಲಾಯಿತು. 2011ರಲ್ಲಿ ಪರಿಷ್ಕರಿಸಿದ ಯೋಜನೆಯ ಪ್ರಕಾರ ಉತ್ತರದ ಕರಾವಳಿಯುದ್ದಕ್ಕೂ ತೀರದಿಂದ 35 ಕಿಲೋಮೀಟರ್ ಒಳಗೆ ತೈಲ ಚಟುವಟಿಕೆ ಆರಂಭಿಸುವಂತಿಲ್ಲ; 35ರಿಂದ 65 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ತೈಲವಿರುವ ಪದರಗಳಲ್ಲಿ ಅನ್ವೇಷಣಾ ಬಾವಿ ಕೊರೆಯುವಂತಿಲ್ಲ. ಮೊಟ್ಟೆ, ಮರಿ, ಗೂಡುಕಟ್ಟುವ ಹಕ್ಕಿಗಳ ಕಾಲ ಅದು. ಲೋಫೋಟೆನ್, ವೆಸ್ಟೆರೊಲೆನ್ ಮತ್ತು ಸೆನ್ಯಾ ಸುತ್ತಲಿನ ಕಡಲು ತೈಲಕ್ಕೆ ಮುಚ್ಚಿಯೇ ಇದೆ. ಅದನ್ನು ತೆರೆಯಬೇಕೆಂಬ ಒತ್ತಡ ಮತ್ತೆ ಮತ್ತೆ ಬಂದರೂ ಮೀನುಗಾರರೂ ಪರಿಸರವಾದಿಗಳೂ ಯುವಜನರೂ ಸೇರಿ ತಡೆದಿದ್ದಾರೆ. ಗೋಲಿಯಾತ್ ಕ್ಷೇತ್ರದಲ್ಲಿ ಸ್ಥಳೀಯ ಮೀನುಗಾರರ ದೋಣಿಗಳಿಗೆ ಕರಾರು ಮತ್ತು ತರಬೇತಿ ಕೊಟ್ಟು ತೈಲ ಸೋರಿಕೆ ಎದುರಿಸುವ ಪಡೆಯ ಭಾಗವಾಗಿಸಿದ್ದಾರೆ ಎಂಬುದು ನಿಮಗೆ ಆಸಕ್ತಿಯ ವಿಷಯವಾಗಬಹುದು. ಆ ತೀರದ ಕಲ್ಲು, ಸುಳಿ, ಗಾಳಿಗಳನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ?

ಆದರೆ ಇದೇ ಯೋಜನೆಯ ದುರ್ಬಲ ಕೊಂಡಿಯನ್ನೂ ಹೇಳಲೇಬೇಕು. ಕರಾವಳಿಯ ಗೆರೆ ಕದಲುವುದಿಲ್ಲ, ಹಿಮದಂಚು ಕದಲುತ್ತದೆ. ಮಂಜಿನ ಅಂಚಿನ ವಲಯವನ್ನು ರಕ್ಷಿಸುತ್ತೇವೆ ಎಂದರೆ ಆ ಅಂಚನ್ನು ಭೂಪಟದ ಮೇಲೆ ಎಲ್ಲಿ ಎಳೆಯಬೇಕು? 2020ರಲ್ಲಿ ಈ ಪ್ರಶ್ನೆ ನಾರ್ವೆಯ ಸಂಸತ್ತಿನಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. 1988ರಿಂದ 2017ರವರೆಗಿನ ಮೂವತ್ತು ವರ್ಷಗಳ ಏಪ್ರಿಲ್ ತಿಂಗಳ ದಾಖಲೆಗಳಲ್ಲಿ ಶೇಕಡಾ 0.5ರಷ್ಟು ದಿನಗಳಲ್ಲಾದರೂ ಮಂಜು ಕಂಡುಬಂದ ಜಾಗದವರೆಗೆ ವಲಯ ವ್ಯಾಪಿಸಬೇಕೆಂದು ನಾರ್ವೆಯ ಧ್ರುವ ಸಂಶೋಧನಾ ಸಂಸ್ಥೆ ಸೇರಿದಂತೆ ಪರಿಸರ ತಜ್ಞರು ಸಲಹೆ ನೀಡಿದರು. ಹಾಗೆ ಮಾಡಿದರೆ ಗೆರೆ ಬಹಳ ದಕ್ಷಿಣಕ್ಕೆ ಬಂದು, ಈಗಾಗಲೇ ಕೊಟ್ಟ ಕೆಲವು ಪರವಾನಗಿ ಪ್ರದೇಶಗಳು ವಲಯದೊಳಗೆ ಸೇರುತ್ತಿದ್ದವು. ಕೊನೆಗೆ ಶೇಕಡಾ 15ರಷ್ಟು ದಿನಗಳಲ್ಲಿ ಮಂಜು ಕಂಡುಬಂದ ಜಾಗದವರೆಗಿನ ಗೆರೆ ಅಂಗೀಕಾರವಾಯಿತು. ಹಳೆಯ ಯೋಜನೆಯ ಶೇಕಡಾ 30ಕ್ಕಿಂತ ಇದು ಬಿಗಿಯಾದದ್ದು ಎಂದು ಸಮರ್ಥಿಸಿದವರಿದ್ದಾರೆ, ಆ ಮಾತು ಸುಳ್ಳಲ್ಲ. ಆದರೆ ವಿಜ್ಞಾನಿಗಳು ಒಂದು ಗೆರೆಯನ್ನು ತೋರಿಸಿದಾಗ, ಈಗಾಗಲೇ ಹಂಚಿಹೋದ ಪರವಾನಗಿಗಳು ಅದರೊಳಗೆ ಬೀಳದಂತೆ ಇನ್ನೊಂದು ಗೆರೆ ಎಳೆದದ್ದು ನನಗೆ ಸರಿಯೆನಿಸುವುದಿಲ್ಲ. ಇದರ ಜೊತೆಗೆ, ಡಿಸೆಂಬರ್ 15ರಿಂದ ಜೂನ್ 15ರವರೆಗೆ ಕಣ್ಣಿಗೆ ಕಂಡ ಮಂಜಿನಿಂದ 50 ಕಿಲೋಮೀಟರ್ ಒಳಗೆ ತೈಲದ ಪದರಗಳಲ್ಲಿ ಅನ್ವೇಷಣಾ ಬಾವಿ ಕೊರೆಯಬಾರದೆಂಬ ನಿಯಮವೂ ಇದೆ. ಮೂವತ್ತು ವರ್ಷಗಳ ಸರಾಸರಿಯನ್ನಲ್ಲ, ಆ ದಿನ ಮಂಜು ಎಲ್ಲಿದೆಯೆಂದು ನೋಡುವ ನಿಯಮವಾದ್ದರಿಂದ ಇದು ಹೆಚ್ಚು ಅರ್ಥಪೂರ್ಣ.

ಅಪಘಾತವೇ ಆಗದಿದ್ದರೆ, ದಿನನಿತ್ಯದ ಕೆಲಸದಿಂದ ಕಡಲಿಗೆ ತೊಂದರೆ ಇದೆಯೇ? (ಶಿಕ್ಷಕರು, ಮೈಸೂರು)

ಇದೆ, ಮತ್ತು ಅದು ಸುದ್ದಿಯಾಗುವುದಿಲ್ಲ. ಬಾವಿಯಿಂದ ತೈಲದ ಜೊತೆ ಉಪ್ಪುನೀರೂ ಬರುತ್ತದೆ. ಈಶಾನ್ಯ ಅಟ್ಲಾಂಟಿಕ್‌ನ ಒಪ್ಪಂದದ ಪ್ರಕಾರ ಅದನ್ನು ಕಡಲಿಗೆ ಬಿಡುವಾಗ ಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ತೈಲ ಇರಬಾರದು. ಕೊರೆದಾಗ ಬರುವ ಕಲ್ಲುಪುಡಿಗೆ ತೈಲ ಬೆರೆತಿದ್ದರೆ ಅದನ್ನು ಕಡಲಿಗೆ ಸುರಿಯುವಂತಿಲ್ಲ. ಶುದ್ಧವಾದ ಪುಡಿಯೂ ನಿರಪಾಯಕಾರಿಯಲ್ಲ. ಹ್ಯಾಮರ್‌ಫೆಸ್ಟ್‌ನ ಪಶ್ಚಿಮದ ಟ್ರೋಮ್ಸೋಫ್ಲಾಕೆಟ್ ಎಂಬ ಸಮುದ್ರತಳದಲ್ಲಿ ದಟ್ಟವಾಗಿ ಬೆಳೆದಿರುವ, ನೀರನ್ನು ಸೋಸಿ ಬದುಕುವ ಸ್ಪಂಜುಗಳ ಮೇಲೆ ಅದು ಕೂತರೆ ಅವುಗಳ ಉಸಿರೇ ಕಟ್ಟುತ್ತದೆ. ಹಾಗಾಗಿ ಕೊರೆಯುವ ಮೊದಲು ಕ್ಯಾಮೆರಾ ಇಳಿಸಿ ತಳವನ್ನು ನೋಡುವ ಪದ್ಧತಿ ಬಂದಿದೆ.

ಅದಕ್ಕಿಂತ ದೊಡ್ಡದು ಸದ್ದು. ತೈಲ ಎಲ್ಲಿದೆಯೆಂದು ಹುಡುಕಲು ಹಡಗುಗಳು ಏರ್‌ಗನ್ ಎಂಬ ಸಾಧನದಿಂದ ಸುಮಾರು ಹತ್ತು ಸೆಕೆಂಡಿಗೊಮ್ಮೆ, ಹಗಲಿರುಳು, ವಾರಗಟ್ಟಲೆ ಸಮುದ್ರತಳದತ್ತ ಸ್ಫೋಟದಂಥ ಶಬ್ದವನ್ನು ಹಾಯಿಸುತ್ತವೆ. ನೀರಿನಲ್ಲಿ ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ, ನೂರಾರು ಕಿಲೋಮೀಟರ್ ದೂರ ಸಾಗುತ್ತದೆ. ಕತ್ತಲೆಯ ಕಡಲಿನಲ್ಲಿ ತಿಮಿಂಗಿಲಗಳಿಗೆ ಕಿವಿಯೇ ಕಣ್ಣು. ಇನ್ನೂರು ವರ್ಷದವರೆಗೆ ಬದುಕಬಲ್ಲ ಬೋಹೆಡ್‌ಗಳು ಈ ಸದ್ದಿಗೆ ತಮ್ಮ ವಲಸೆಯ ಹಾದಿಯನ್ನೇ ಬದಲಿಸುವುದನ್ನು ಅಲಾಸ್ಕದ ಇನುಪಿಯಾಟ್ ಬೇಟೆಗಾರರು ವಿಜ್ಞಾನಿಗಳಿಗಿಂತ ಮೊದಲೇ ಗಮನಿಸಿ ಹೇಳಿದ್ದರು. 1980ರ ದಶಕದಿಂದ ಅವರ ತಿಮಿಂಗಿಲ ಬೇಟೆಗಾರರ ಆಯೋಗವು ತೈಲ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು, ಶರತ್ಕಾಲದ ಬೇಟೆಯ ದಿನಗಳಲ್ಲಿ ಸದ್ದಿನ ಕೆಲಸಗಳನ್ನು ನಿಲ್ಲಿಸುವಂತೆ ಮಾಡಿದೆ.

ಅಲ್ಲಿನ ಮೂಲನಿವಾಸಿಗಳ ಮಾತಿಗೆ ಬೆಲೆ ಇದೆಯೇ, ಅಥವಾ ಕೇಳಿದ ಶಾಸ್ತ್ರ ಮಾತ್ರವೇ? (ಕನ್ನಡಿಗರು, ಟೊರೊಂಟೊ)

ಎರಡೂ ಆಗಿದೆ. ನೀವಿರುವ ದೇಶದ ಒಂದು ಪ್ರಕರಣವನ್ನೇ ನೋಡಿ. ಬ್ಯಾಫಿನ್ ದ್ವೀಪದ ಕ್ಲೈಡ್ ರಿವರ್ ಸಾವಿರದಷ್ಟು ಜನರಿರುವ ಇನ್ಯೂಟ್ ಊರು. ಬ್ಯಾಫಿನ್ ಕೊಲ್ಲಿ ಮತ್ತು ಡೇವಿಸ್ ಜಲಸಂಧಿಯಲ್ಲಿ ಐದು ವರ್ಷಗಳ ಕಾಲ ಶಬ್ದ ಸಮೀಕ್ಷೆ ನಡೆಸಲು ನಾರ್ವೆಯ ಕಂಪನಿಗಳ ಗುಂಪೊಂದಕ್ಕೆ ಕೆನಡಾದ ಇಂಧನ ಮಂಡಳಿ 2014ರಲ್ಲಿ ಅನುಮತಿ ಕೊಟ್ಟಿತ್ತು. ಊರಿನವರು ಪ್ರಶ್ನೆ ಕೇಳಿದಾಗ ಕಂಪನಿ ಕೊಟ್ಟ ಉತ್ತರ ಸಾವಿರಾರು ಪುಟಗಳ ಇಂಗ್ಲಿಷ್ ದಾಖಲೆ. ಅದರಲ್ಲಿ ಇನುಕ್ಟಿಟುಟ್ ಭಾಷೆಗೆ ಅನುವಾದವಾಗಿದ್ದದ್ದು ತೀರಾ ಸ್ವಲ್ಪ. ಅಂತರ್ಜಾಲದ ವೇಗ ಕಡಿಮೆಯಿದ್ದ ಆ ಊರಿನಲ್ಲಿ ಅದನ್ನು ಇಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಊರಿನವರು ನ್ಯಾಯಾಲಯಕ್ಕೆ ಹೋದರು. 2017ರ ಜುಲೈ 26ರಂದು ಕೆನಡಾದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಆ ಅನುಮತಿಯನ್ನು ರದ್ದುಮಾಡಿತು. ಪರಿಸರಕ್ಕೆ ಹಾನಿಯಾಗುತ್ತದೆಯೇ ಎಂದು ಮಾತ್ರ ಕೇಳಿದರೆ ಸಾಲದು, ಆ ಜನರ ಬೇಟೆಯ ಹಕ್ಕಿಗೆ ಏನಾಗುತ್ತದೆ ಎಂದು ಅವರಿಗೆ ಅರ್ಥವಾಗುವಂತೆ ಚರ್ಚಿಸಬೇಕು ಎಂಬುದು ತೀರ್ಪಿನ ತಿರುಳು. ತನ್ನ ಭಾಷೆಯಲ್ಲಿ ಇಲ್ಲದ ಕಾಗದದಿಂದ ತನ್ನ ಬದುಕು ತೀರ್ಮಾನವಾಗುವ ನೋವು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಟಾರ್ಕ್ಟಿಕದಲ್ಲಿ ಗಣಿಗಾರಿಕೆ ನಿಷೇಧವಿದೆ. ಆರ್ಕ್ಟಿಕ್‌ಗೆ ಅಂಥ ಕಾನೂನು ಯಾಕಿಲ್ಲ? (ವಕೀಲರು, ಶಿವಮೊಗ್ಗ)

ಅಂಟಾರ್ಕ್ಟಿಕ ಯಾರ ಸ್ವಾಧೀನವೆಂದೂ ಜಗತ್ತು ಒಪ್ಪದ ಖಂಡ. ಆರ್ಕ್ಟಿಕ್ ದೇಶಗಳಿಂದ ಸುತ್ತುವರಿದ ಕಡಲು. ತೀರದಿಂದ 200 ನಾಟಿಕಲ್ ಮೈಲಿಯವರೆಗಿನ ಸಂಪತ್ತು ಆಯಾ ದೇಶದ್ದೆಂದು ಸಮುದ್ರ ಕಾನೂನು ಹೇಳುವುದರಿಂದ ಕೊರೆಯುವ ಅನುಮತಿಯೂ ಆಯಾ ದೇಶದ್ದೇ. ಗ್ರೀನ್‌ಲ್ಯಾಂಡ್ 2021ರಲ್ಲಿ ಹೊಸ ತೈಲ ಅನ್ವೇಷಣಾ ಪರವಾನಗಿಗಳನ್ನು ನಿಲ್ಲಿಸಿತು. ರಷ್ಯಾ ಪೆಚೋರಾ ಸಮುದ್ರದ ಪ್ರಿರಾಜ್ಲೋಮ್ನಾಯ ವೇದಿಕೆಯಿಂದ 2013ರ ಡಿಸೆಂಬರಿನಿಂದಲೂ ತೈಲ ತೆಗೆಯುತ್ತಿದೆ. ಎಂಟು ದೇಶಗಳ ಆರ್ಕ್ಟಿಕ್ ಮಂಡಳಿಯ ಆಶ್ರಯದಲ್ಲಿ 2013ರಲ್ಲಿ ಕಿರುನಾದಲ್ಲಿ ಸಹಿಯಾದ ಒಪ್ಪಂದವು ಸೋರಿಕೆಯಾದಾಗ ಪರಸ್ಪರ ಎಚ್ಚರಿಸಿ ನೆರವಾಗುವುದಕ್ಕೆ ಸಂಬಂಧಿಸಿದ್ದು, ಕೊರೆಯುವುದನ್ನು ನಿಯಂತ್ರಿಸುವಂಥದ್ದಲ್ಲ. 2022ರಲ್ಲಿ ಉಕ್ರೇನ್ ಯುದ್ಧದ ಬಳಿಕ ರಷ್ಯಾದೊಂದಿಗಿನ ಮಂಡಳಿಯ ಕೆಲಸ ಸ್ಥಗಿತಗೊಂಡದ್ದು ಈ ಸಹಕಾರವನ್ನೂ ಸೊರಗಿಸಿತು. ಹಡಗುಗಳ ವಿಷಯದಲ್ಲಿ ಮಾತ್ರ ಎಲ್ಲರಿಗೂ ಅನ್ವಯಿಸುವ ನಿಯಮಗಳಿವೆ: 2017ರಿಂದ ಧ್ರುವ ಕಡಲುಗಳ ಹಡಗುಗಳಿಗಾಗಿ ಪೋಲಾರ್ ಕೋಡ್ ಎಂಬ ನಿಯಮಾವಳಿ, 2024ರ ಜುಲೈ 1ರಿಂದ ಭಾರೀ ಇಂಧನ ತೈಲದ ಬಳಕೆಗೆ ನಿಷೇಧ. ಆದರೆ ತೀರದ ದೇಶಗಳು ತಮ್ಮ ಹಡಗುಗಳಿಗೆ 2029ರವರೆಗೆ ವಿನಾಯಿತಿ ಕೊಡಬಹುದಾದ್ದರಿಂದ ಈ ನಿಷೇಧ ಸದ್ಯಕ್ಕೆ ಅರ್ಧಂಬರ್ಧ.

ಭಾರತದ ಪಾತ್ರವೇನು ಎಂದೂ ತಾವು ಕೇಳಿದ್ದೀರಿ. 2013ರಿಂದ ಭಾರತ ಆರ್ಕ್ಟಿಕ್ ಮಂಡಳಿಯ ವೀಕ್ಷಕ ದೇಶ. ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ಹಿಮಾದ್ರಿ ಸಂಶೋಧನಾ ನೆಲೆಯಿದೆ. 2022ರಲ್ಲಿ ಆರ್ಕ್ಟಿಕ್ ನೀತಿಯೂ ಪ್ರಕಟವಾಗಿದೆ. ಉದ್ಯಮದಲ್ಲೂ ನಮ್ಮ ಪಾಲಿದೆ. ಆರ್ಕ್ಟಿಕ್‌ನ ಹೊರಗಿದ್ದರೂ ಚಳಿಗಾಲದಲ್ಲಿ ಮಂಜು ಕವಿಯುವ ಓಖೋಟ್ಸ್ಕ್ ಸಮುದ್ರದ ಸಖಾಲಿನ್-1 ಯೋಜನೆಯಲ್ಲಿ ಓಎನ್‌ಜಿಸಿ ವಿದೇಶ್ 2001ರಲ್ಲೇ ಶೇಕಡಾ 20ರ ಪಾಲು ಪಡೆಯಿತು. ಅದೇ ತೀರದ ಆಳವಿಲ್ಲದ ನೀರಿನಲ್ಲಿ ಪಶ್ಚಿಮದ ಬೂದು ತಿಮಿಂಗಿಲಗಳು ಬೇಸಿಗೆಯಲ್ಲಿ ಮೇಯುತ್ತವೆ. ಈ ಶತಮಾನದ ಆರಂಭದಲ್ಲಿ ಅವು ಉಳಿದಿದ್ದದ್ದು ನೂರರ ಆಸುಪಾಸು. ಪಕ್ಕದ ಸಖಾಲಿನ್-2 ಯೋಜನೆಯವರು ಸ್ವತಂತ್ರ ವಿಜ್ಞಾನಿಗಳ ಸಲಹೆಯ ನಂತರ 2005ರಲ್ಲಿ ಸಮುದ್ರತಳದ ಕೊಳವೆಮಾರ್ಗವನ್ನು ಆ ಮೇವಿನ ತಾಣದಿಂದ ದೂರಕ್ಕೆ ಸರಿಸಿದರು. ಪಾಲುದಾರರಾಗಿರುವ ನಾವೂ ಇಂಥ ಪ್ರಶ್ನೆಗಳನ್ನು ಕೇಳುವ ಹಕ್ಕುಳ್ಳವರು.

ಹವಾಮಾನ ಬದಲಾವಣೆಯಿಂದ ಮಂಜು ಕರಗುತ್ತಿದೆಯಲ್ಲ, ಮಂಜೇ ಇಲ್ಲದಿದ್ದರೆ ಈ ಅಪಾಯಗಳೂ ಕಡಿಮೆಯಾಗುವುದಿಲ್ಲವೇ? (ಓದುಗರು, ಬೆಂಗಳೂರು)

ಹಾಗೆ ಎಣಿಸಿಯೇ ಕಂಪನಿಗಳು ಉತ್ತರಕ್ಕೆ ಸಾಗುತ್ತಿರುವುದು. ಆದರೆ ಮಂಜು ಕಡಿಮೆಯಾದಾಗ ತೆರೆದ ನೀರಿನ ಹರವು ಹೆಚ್ಚಿ ಅಲೆಗಳು ಎತ್ತರವಾಗುತ್ತವೆ. ಉಳಿದ ಮಂಜು ತೆಳುವಾಗಿ, ಬಿಡಿಬಿಡಿಯಾಗಿ, ಗಾಳಿ ಬೀಸಿದತ್ತ ವೇಗವಾಗಿ ಚಲಿಸುತ್ತದೆ. ಚಳಿಗಾಲದ ಕತ್ತಲೆಯಂತೂ ಎಷ್ಟು ಬಿಸಿಯಾದರೂ ಕಡಿಮೆಯಾಗುವುದಿಲ್ಲ. ಧ್ರುವ ಕಾಡ್‌ನಂಥ ಜೀವಿಗಳು ಈಗಾಗಲೇ ಬಿಸಿನೀರಿನಿಂದ ಬಳಲುತ್ತಿವೆ, ಕುಗ್ಗುತ್ತಿರುವ ಮಂಜಿನ ಕೆಳಗೆ ಇನ್ನೂ ಒತ್ತೊತ್ತಾಗಿ ಸೇರುತ್ತಿವೆ. ಒಂದೇ ಸೋರಿಕೆ ಆಗ ಸಂಕುಲದ ಇನ್ನೂ ದೊಡ್ಡ ಪಾಲನ್ನು ತಟ್ಟುತ್ತದೆ.

ಇನ್ನೊಂದು ತೊಡಕಿದೆ. ನಾರ್ವೆಯ ಗೆರೆ ಮೂವತ್ತು ವರ್ಷಗಳ ದಾಖಲೆಯ ಮೇಲೆ ನಿಂತಿದೆ ಎಂದು ಕಾರವಾರದ ಓದುಗರಿಗೆ ಬರೆದೆನಲ್ಲ, ಆ ದಾಖಲೆಯನ್ನು ಹೊಸ ವರ್ಷಗಳನ್ನು ಸೇರಿಸಿ, ಹಳೆಯ ವರ್ಷಗಳನ್ನು ಬಿಟ್ಟು ಮತ್ತೆ ಲೆಕ್ಕಹಾಕಿದಾಗೆಲ್ಲ, ಮಂಜು ಹಿಂದೆ ಸರಿದಷ್ಟೂ ಗೆರೆಯೂ ಉತ್ತರಕ್ಕೆ ಸರಿಯುತ್ತದೆ. ತೈಲವನ್ನು ಸುಟ್ಟದ್ದರಿಂದ ಕರಗಿದ ಮಂಜಿನ ಜಾಗ ಹೀಗೆ ತೈಲ ಹುಡುಕಲು ತೆರೆದ ಜಾಗವಾಗುತ್ತದೆ. ಹಾಗಾಗದಂತೆ ಗೆರೆಯನ್ನು ಈಗಿರುವಲ್ಲೇ ನಿಲ್ಲಿಸಿ, ಮಂಜು ಸರಿದರೂ ಉದ್ಯಮ ಸರಿಯಬಾರದೆಂದು ಕಾನೂನಿನಲ್ಲೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.